ರಾಹುಯಿ ಬಿದ್ದ ದಿನ

"ನಿಲ್ಲಿಸಿ! ದೋಣಿ ಬಿಡಬೇಡಿ! ಹೋದ... ಹೊಳೇಲಿ ಕೊಚ್ಕೊಂಡು ಹೋದ!"

ಮಿಹಿ ಓಡಿ ಬಂದ ರಭಸಕ್ಕೆ ರಾಫ್ಟ್ ಶೆಡ್ಡಿನ ಮುಂದೆ ನಿಂತಿದ್ದವರೆಲ್ಲ ಪಕ್ಕಕ್ಕೆ ಸರಿದರು. ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಬೆಳಗಿನ ಬಸ್ಸಲ್ಲಿ ದೂರದ ಗಿಸ್ಬರ್ನ್ ಊರಿಂದ ಬಂದಿಳಿದ ಹೆಂಗಸು. ಅಲ್ಲಿದ್ದ ಯಾರಿಗೂ ಅವಳ ಗುರುತಿಲ್ಲ.

ಅವತ್ತು ದೊಡ್ಡ ಜಲಪಾತ ಹಾರೋ ರಬ್ಬರ್ ದೋಣಿಗಳ ಪಂದ್ಯ. ಮಳೆಗೆ ಕೆರೆ ತುಂಬಿ, ಗೇಟು ಪೂರ್ತಿ ಎತ್ತಿ, ಹೊಳೆ ಕಂದುಗಟ್ಟಿ ಭೋರ್ಗರೀತಿತ್ತು. ಆದರೂ ಪಂದ್ಯ ನಿಂತಿರಲಿಲ್ಲ. ಹೊಳೆ ಹೊರಡೋ ಕೆರೆ ಬಾಯಲ್ಲಿ ತಂಡಗಳು ರಾಫ್ಟ್ ಇಳಿಸೋಕೆ ತಯಾರಾಗಿದ್ವು. "ಇಷ್ಟು ನೀರಿಗೆ ಹೆದರಿದ್ರೆ ಮನೇಲಿ ಬಾತ್‌ಟಬ್ಬಲ್ಲಿ ತೇಲ್ರೋ" ಅಂತ ಮುಖ್ಯ ಗೈಡ್ ರೆವಿ ಆಗ ತಾನೇ ಹುಡುಗರನ್ನ ರೇಗಿಸಿದ್ದ. ಈಗ ಅವನ ಮುಖದಲ್ಲಿ ನಗು ಇರಲಿಲ್ಲ.

"ಯಾರಮ್ಮಾ? ಎಲ್ಲಿ?"

"ಸೇತುವೆ ಹತ್ರ. ಸಣ್ಣ ದೋಣಿ. ಒಬ್ಬನೇ ಇದ್ದ."

"ಜಾಕೆಟ್ ಯಾವ ಬಣ್ಣ?"

"ಹಳದಿ... ಅಲ್ಲ, ಕೆಂಪು." ಮಿಹಿ ತಲೆ ಹಿಡ್ಕೊಂಡು ನೆಲಕ್ಕೆ ಕುಸಿದಳು. "ನಂಗೆ ಗೊತ್ತಾಗ್ತಿಲ್ಲಪ್ಪಾ."

"ಸುಮ್ನಿರೋ ರೆವಿ, ಪೊಲೀಸಪ್ಪನ ಥರ ಏನು ಪ್ರಶ್ನೆ ನಿಂದು?" ಗುಂಪು ಸೀಳಿಕೊಂಡು ಪಿರಿಪಿ ಅಜ್ಜ ಬಂದ. ಆ ಊರಿನ ಮೂಲನಿವಾಸಿ ಮಾವೊರಿಗಳಿಗೆ ಅವನೇ ಹಿರಿಯ. ಹೊಳೆ ವಿಷಯದಲ್ಲಿ ಅವನ ಮಾತು ಮೀರೋರಿಲ್ಲ. ಕಷ್ಟಪಟ್ಟು ಮೊಣಕಾಲೂರಿ ಅವಳ ಮುಂದೆ ಕೂತ. "ಮಗನಾ, ತಾಯಿ?"

"ನಂಗಿರೋನು ಒಬ್ಬನೇ ಮಗ, ಅಜ್ಜಾ," ಅಂದಳು ಮಿಹಿ. "ಅವನಪ್ಪನ್ನೂ ನೀರೇ ನುಂಗಿದ್ದು."

ಆಮೇಲೆ ಯಾರೂ ಏನೂ ಕೇಳಲಿಲ್ಲ.

ಅಜ್ಜ ಹಸಿರು ಸೊಪ್ಪು ಕಟ್ಟಿದ ಕೋಲನ್ನ ದಡದಲ್ಲಿ ನೆಟ್ಟ. ರಾಹುಯಿ. ನೀರು ಮನುಷ್ಯನ್ನ ತಗೊಂಡಾಗ ಹಿರಿಯರು ಆ ನೀರಿಗೆ ಹಾಕೋ ಕಟ್ಟು ಅದು. ಅದು ಬಿದ್ದ ಮೇಲೆ ಮೀನು ಹಿಡಿಯೋ ಹಾಗಿಲ್ಲ, ಈಜೋ ಹಾಗಿಲ್ಲ, ಪಂದ್ಯದ ಮಾತಂತೂ ಎತ್ತೋ ಹಾಗೇ ಇಲ್ಲ. ಹುಡುಕೋರಿಗೆ ಮಾತ್ರ ವಿನಾಯಿತಿ. ಅಜ್ಜ ನಡುಗೋ ದನಿಯಲ್ಲಿ ಮಂತ್ರ ಹೇಳ್ತಿದ್ದಷ್ಟು ಹೊತ್ತೂ ಮಿಹಿ ತಲೆ ಎತ್ತಲಿಲ್ಲ. ಸುಳ್ಳೋ ನಿಜವೋ, ಆ ಮಂತ್ರ ಕೇಳಿದ್ರೆ ಸತ್ತವರು ಎದ್ದು ಕೂರ್ತಾರೆ ಅಂತ ಅವಳಜ್ಜಿ ಹೇಳ್ತಿದ್ದಳು.

"ದೋಣಿ ಎಲ್ಲಾ ವಾಪಸ್ ಮೇಲೆ ಎಳೆದ್ರಾ?" ಅಂತ ಕೇಳಿದಳು.

"ಎಳೆದ್ವಮ್ಮಾ." ರೆವಿ ವಾಕಿಟಾಕಿ ಕಿವಿಗಿಟ್ಟುಕೊಂಡಿದ್ದ.

"ಎಲ್ಲಾನೂ? ಕೊನೇದೂ?"

"ಒಂದೂ ನೀರಲ್ಲಿಲ್ಲ."

ತನ್ನ ಮಗನ ಗತಿ ಬೇರೆ ಯಾರಿಗೂ ಬರದಿರಲಿ ಅಂತ ಕೇಳ್ತಿದಾಳೆ ಪಾಪ, ಅಂದುಕೊಂಡರು ಎಲ್ಲರೂ. ಹುಯಾ ಅನ್ನೋ ಹೆಂಗಸು ತನ್ನ ಶಾಲು ಹೊದಿಸಿ, ಬಿಸಿ ಚಹಾ, ಎಣ್ಣೇಲಿ ಕರಿದ ರೊಟ್ಟಿ ತಂದು ಕೈಗಿಟ್ಟಳು. "ತಿನ್ನಕ್ಕಾ, ಅಳೋಕಾದ್ರೂ ಶಕ್ತಿ ಬೇಕಲ್ಲ." ಮಿಹಿ ತಿಂದಳು. ಪೂರ್ತಿ ತಿಂದಳು. ಹುಯಾ ಕಣ್ಣೊರೆಸಿಕೊಂಡಳು.

ಜನ ಎರಡೂ ದಡದಲ್ಲಿ ಹುಡುಕಿದರು. ಪೊದೆ ಬಗ್ಗಿಸಿದರು, ಕೂಗಿದರು. ದೋಣಿ ಚೂರೂ ಸಿಗಲಿಲ್ಲ. ರೆವಿ ಜಲಪಾತದ ತುಂತುರಿಗೆ ಒದ್ದೆ ಮುದ್ದೆಯಾಗಿ ವಾಪಸ್ ಬಂದ.

"ಅಜ್ಜಾ, ಉಳಿದಿರೋದು ಒಂದೇ ಜಾಗ. ದೊಡ್ಡ ಜಲಪಾತದ ಹಿಂದಿನ ಗವಿ. ಅಲ್ಲಿ ಸಿಕ್ಕಿಬಿದ್ದಿದ್ರೆ ಉಸಿರಿಗೆ ಗಾಳಿ ಇರತ್ತೆ. ಬದುಕಿರಬಹುದು."

ಮಿಹಿ ಚಹಾ ಕೆಳಗಿಟ್ಟು ರೆವಿಗೆ ಅಡ್ಡ ನಿಂತಳು.

"ಬೇಡ. ಯಾರೂ ನೀರಿಗೆ ಇಳೀಬೇಡಿ."

"ಹಗ್ಗ ಕಟ್ಟೇ ಇಳಿಯೋದಮ್ಮಾ—"

"ಬೇಡಾ ಅಂದ್ನಲ್ಲ! ಅಲ್ಲಿ ಯಾರೂ ಇಲ್ಲ!"

ಅಜ್ಜ ಅವಳ ಎರಡೂ ಕೈ ಹಿಡಿದ. "ಹಾಗನ್ನಬಾರದು ಮಗಳೇ. ಆಸೆ ಬಿಡಬಾರದು."

"ಅಜ್ಜಾ, ನಿನ್ನ ಕಾಲಿಗೆ ಬೀಳ್ತೀನಿ. ನಾನು ಹೇಳೋದು ಕೇಳು. ಅಲ್ಲಿ ಯಾರೂ—"

"ನಮ್ಮ ಹುಡುಗ ಆಗಲೇ ಗವಿಗೆ ಇಳಿದಾಯ್ತು, ಈಗ ತಾನೇ ಸುದ್ದಿ ಬಂತು," ಅಂದ ಅಜ್ಜ. "ನಾವ್ಯಾರೂ ಹೇಳಿದ್ದಲ್ಲ. ಯಾರೋ ತಾಯಿ ಅಳ್ತಿದಾಳೆ ಅಂತ ವಾಕಿಟಾಕೀಲಿ ಕೇಳಿದವನೇ ಕೆರೆ ಬಾಯಿಂದ ಓಡಿ ಹೋಗಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡನಂತೆ. ಅವಳ ಮಗನ್ನ ತರದೆ ಮೇಲೆ ಬರಲ್ಲ ಅಂದನಂತೆ. ನಿಮ್ಮ ಗಿಸ್ಬರ್ನ್ ಕಡೆಯೋನೇ ತಾಯಿ, ಈ ಸೀಸನ್ನಿಗೆ ಬಂದು ಸೇರಿದಾನೆ."

"ಅವನ ಹೆಸರೇನು?" ಅಂತ ಮಿಹಿ ಅಜ್ಜನ ತೋಳು ಹಿಡಿದಳು.

"ಮನಾಕಿ ಅಂತ," ಅಂದ ರೆವಿ. "ಇಂಥ ನೀರಲ್ಲಿ ತಾನು ಜಲಪಾತ ಹಾರೋದನ್ನ ನೋಡೋಕೆ ಅಮ್ಮ ಬರ್ತಾಳೆ ಅಂತ ನಿನ್ನೆಯೆಲ್ಲ ಕುಣೀತಿದ್ದ. ಬೇಡಾ ಬೇಡಾ ಅಂತ ಫೋನಲ್ಲಿ ಅತ್ತಳಂತೆ, ಆಮೇಲೆ ಬಸ್ ಹತ್ತಿದಳಂತೆ. ಪಾಪ, ಎಲ್ಲಿ ಕೂತಿದಾಳೋ—"

ರೆವಿ ಮಿಹಿ ಮುಖವನ್ನೇ ನೋಡ್ತಾ ನಿಂತ.

ಅಷ್ಟರಲ್ಲಿ ವಾಕಿಟಾಕಿ ಗರಗರ ಅಂತು.

"ರೆವಿ... ರೆವಿ, ಕೇಳಿಸ್ತಿದ್ಯಾ? ಹಗ್ಗ ಎಳೀತಿದೀವಿ. ಹಗುರಾಗಿ ಬರ್ತಿದೆ ಕಣೋ. ತುದೀಲಿ ಏನೂ ಇಲ್ಲ."

ಅವತ್ತು ಬೆಳಗಿನಿಂದ ಆ ಹೊಳೆಗೆ ಇಳಿದ ಮೊದಲನೇ ಮನುಷ್ಯ ಮನಾಕಿ.