ಮಾವನ ಕೈಗುಣ

ಸೋಮಶೇಖರ ಮಾವನ ಕೈ ಸೋಕಿದರೆ ಸಾಕು, ಸತ್ತ ಫೋನೂ ಕಣ್ಣು ಮಿಟುಕಿಸುವಷ್ಟರಲ್ಲಿ ಪೂರ್ತಿ ಚಾರ್ಜ್ ಆಗುತ್ತದಂತೆ. ನಿನ್ನೆಯಿಂದ ಮಾವನೇ ಬೀದಿಗೆಲ್ಲ ಅದನ್ನು ಸಾರುತ್ತಿದ್ದರು.

ಇವತ್ತು ಅಕ್ಕನ ಮಗಳು ಪಾವನಿಯ, ಚಾರ್ಜರಿನಿಂದಲೇ ನಡೆಯುವ ಅಂಗೈಯಗಲದ ಪುಟ್ಟ ಕಂಪ್ಯೂಟರು ಮೂರನೆಯ ಸಲ ಆರಿಹೋಯಿತು. ಪರೀಕ್ಷೆಯ ಅರ್ಜಿ ಕಳಿಸಲು ಉಳಿದದ್ದು ಹತ್ತೇ ನಿಮಿಷ.

"ವೈರಸ್ಸು ಕಣೇ. ಇಂಥ ಸಾವಿರ ವೈರಸ್ಸು ಬರಿಗೈಲೇ ಹಿಡಿದು ಕೊಂದಿದೀನಿ," ಎಂದರು ಮಾವ.

ಪಾವನಿ ಚಾರ್ಜರ್ ಕಿತ್ತು, ಅದರ ಮೇಲಿನ ಸಣ್ಣ ಅಕ್ಷರ ಓದಿದಳು. "ಕಂಪ್ಯೂಟರಿಗೆ ಮೂರು ಆಂಪಿಯರ್ ಕರೆಂಟು ಬೇಕು ಮಾವ. ಇದು ಕೊಡೋದು ಒಂದೇ. ಇದು ನನ್ನ ಚಾರ್ಜರೇ ಅಲ್ಲ."

ಮಾವ ಜೇಬಿನ ಮೇಲೆ ಕೈಯಿಟ್ಟುಕೊಂಡರು.

"ಎಂಟು ನಿಮಿಷ ಇದೆ, ಮಾವ."

ಮಾವ ಮೆಲ್ಲಗೆ ಜೇಬಿನಿಂದ ಬಿಳಿ ಚಾರ್ಜರ್ ತೆಗೆದರು. "ಕೈಗುಣ ಎಲ್ಲಾ ಸುಳ್ಳು ಕಣೇ. ನಿನ್ನೆ ಫೋನು ಬೇಗ ಚಾರ್ಜ್ ಆಗ್ಲಿ ಅಂತ ನಿಂದನ್ನ ನಾನು ಎತ್ಕೊಂಡು, ನನ್ನ ಹಳೇದನ್ನ ಇಲ್ಲಿ ಸಿಗಿಸಿದೆ."