ನೆರಳಿನ ಪಾತಿ

ಮೊದಲ ಗೊಂಚಲಿಗೆ ಕತ್ತರಿ ಹಾಕುವ ಮುನ್ನ ಹಿರಿಯ ಸೊಸೆ ಒಮ್ಮೆ ಹಿಂತಿರುಗಿ ನೋಡಿದಳು. ಹಿತ್ತಲಲ್ಲಿ ಯಾರೂ ಇರಲಿಲ್ಲ. ಕಿಟಕಿಯೊಳಗೆ ಅತ್ತೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಕಿರಿಯ ಸೊಸೆ ಕೆಲಸ ಮುಗಿಸಿ ಬರಲು ಇನ್ನೂ ಒಂದು ಗಂಟೆಯಿತ್ತು. ಮರದಡಿಯ ಡ್ಯಾಫೊಡಿಲ್ ಹೂಗಳು ಬಾಡಿ ನಾಲ್ಕು ದಿನವಾಗಿತ್ತಷ್ಟೇ. ಎಲೆಗಳು ಮಾತ್ರ ಹಚ್ಚಹಸಿರಾಗಿ, ನೆಟ್ಟಗೆ ನಿಂತಿದ್ದವು. ಅವುಗಳನ್ನು ಅವಳು ಮುಷ್ಟಿಯಲ್ಲಿ ಹಿಡಿದು ನೆಲಮಟ್ಟಕ್ಕೆ ಕತ್ತರಿಸಿದಳು. ಕಚಕ್.

ಹದಿನೈದು ವರ್ಷದಿಂದ ನರ್ಸರಿಯಲ್ಲಿ ಹೂವಿನ ಗಡ್ಡೆ ಮಾರುತ್ತಿದ್ದವಳು ಅವಳು. ಪ್ರತಿಯೊಬ್ಬ ಗಿರಾಕಿಗೂ ತಪ್ಪದೆ ಹೇಳುವ ಮಾತೊಂದಿತ್ತು: “ಹೂ ಹೋದ್ಮೇಲೆ ಎಲೆ ಮುಟ್ಬೇಡಿ. ಅದು ಹಳದಿಯಾಗಿ ತಾನಾಗೇ ಒಣಗ್ಬೇಕು. ಗಡ್ಡೆಗೆ ಊಟ ಹೋಗೋದೇ ಎಲೆಯಿಂದ. ಹಸಿರಿದ್ದಾಗ ಕತ್ತರಿಸಿದ್ರೋ, ಮುಂದಿನ ವರ್ಷದ ಹೂ ಮರ್ತುಬಿಡಿ.” ಈ ಮಾತನ್ನು ಅವಳು ಹೇಳದೆ ಉಳಿಸಿಕೊಂಡಿದ್ದು ಒಬ್ಬಳಿಗೆ ಮಾತ್ರ, ಒಂದೇ ಸೂರಿನಡಿ ಬಾಳುತ್ತಿದ್ದ ತನ್ನ ಓರಗಿತ್ತಿಗೆ.

ಈ ಪಾತಿಯನ್ನು ಓರಗಿತ್ತಿಗೆ ಕೊಟ್ಟವಳೂ ಅವಳೇ. ಮನೆಯ ಮುಂದಿನ ಬಿಸಿಲು ತನಗೆ, ಹಿತ್ತಲಿನ ದೊಡ್ಡ ಮರದ ನೆರಳು ಕಿರಿಯವಳಿಗೆ. ಜೊತೆಗೆ ಯಾರೂ ಕೊಳ್ಳದೆ ಉಳಿದ, ಸಿಪ್ಪೆ ಸುಲಿದ ಒಂದು ಬುಟ್ಟಿ ಗಡ್ಡೆ. ಕಿರಿಯವಳು ಅದರಲ್ಲಿ ಅರ್ಧವನ್ನು ತಲೆಕೆಳಗಾಗಿ ನೆಟ್ಟಾಗ ತಿದ್ದಲಿಲ್ಲ. ಮರೆಗೆ ಹೋಗಿ ನಕ್ಕಿದ್ದಳು. ಆದರೆ ಚಳಿಗಾಲದಲ್ಲಿ ಮರ ಎಲೆ ಉದುರಿಸಿ ಬೋಳಾಗಿತ್ತು. ಅದು ಮತ್ತೆ ಚಿಗುರಿ ನೆರಳು ಕಟ್ಟುವಷ್ಟರಲ್ಲಿ ಗಡ್ಡೆಗಳು ಬೇಕಾದಷ್ಟು ಬಿಸಿಲುಂಡು ಹೂ ಬಿರಿದಿದ್ದವು. ಮನೆಯ ಮುಂದಿನ ಪಾತಿಯ ಹೂಗಳು ಸುಡುಬಿಸಿಲಿಗೆ ವಾರದಲ್ಲೇ ಸೊರಗಿದರೆ, ಹಿತ್ತಲಿನವು ತಂಪಿನಲ್ಲಿ ಸುಮಾರು ಒಂದು ತಿಂಗಳು ನಿಂತವು. ಬೀದಿಯ ಜನ ಹಿರಿಯವಳ ನಲವತ್ತು ಬಗೆಯ ಡ್ಯಾಫೊಡಿಲ್ ಸಂಗ್ರಹವನ್ನು ದಾಟಿಕೊಂಡು, ಅದಕ್ಕೊಂದು ‘ಓಹೋ’ ಕೂಡ ಎಸೆಯದೆ, ಹಿತ್ತಲಿಗೆ ನಡೆದರು. ಕೊನೆಗೆ ಅತ್ತೆಯ ಕುರ್ಚಿಯೂ ಮುಂಬಾಗಿಲ ಕಿಟಕಿಯಿಂದ ಹಿತ್ತಲ ಕಿಟಕಿಗೆ ಬಂತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಯನ್ನು ಹಿರಿಯವಳು ಆ ತಿಂಗಳಿಡೀ ಹಲ್ಲು ಕಚ್ಚಿ ಜಪಿಸಿದ್ದಳು.

“ಯಾರದು?” ಕಿಟಕಿಯಿಂದ ಅತ್ತೆಯ ದನಿ.

“ನಾನೇ ಅತ್ತೆ. ಒಂದಿಷ್ಟು ಚೊಕ್ಕ ಮಾಡ್ತಿದ್ದೀನಿ.”

“ಇನ್ನೂ ಹಸಿರಾಗೇ ಇದೆಯಲ್ಲೇ ಎಲೆ?”

“ನಿಮ್ಮ ಕನ್ನಡಕಕ್ಕೆ ಎಲ್ಲಾ ಹಸಿರೇ. ನೀವು ಮಲಕ್ಕೊಳ್ಳಿ.”

ಅತ್ತೆ ಮಲಗಲಿಲ್ಲ. ಕನ್ನಡಕ ತೆಗೆದು, ಗಾಜನ್ನು ನಿಧಾನವಾಗಿ ಒರೆಸಿ, ಮತ್ತೆ ಹಾಕಿಕೊಂಡು ನೋಡುತ್ತ ಕುಳಿತರು. ಹಿರಿಯವಳ ಕೈ ಚುರುಕಾಯಿತು. ಇನ್ನು ಮೂರೇ ಗೊಂಚಲು ಉಳಿದಿದ್ದವು. ಅಷ್ಟರಲ್ಲಿ, ಹೊತ್ತಿಗೆ ಮುಂಚೆಯೇ, ಗೇಟು ಕಿರ್ ಎಂದಿತು. ಚಪ್ಪಲಿಯ ಸದ್ದು ಮನೆಯ ಪಕ್ಕದ ಓಣಿಯನ್ನು ಹಾದು ನೇರವಾಗಿ ಹಿತ್ತಲಿಗೇ ಬಂತು.

“ಅಕ್ಕಾ!” ಕಿರಿಯವಳು ಬೋಳು ನೆಲ ನೋಡಿ ನಿಂತುಬಿಟ್ಟಳು. “ಏನಿದು ನೀವು ಮಾಡಿರೋದು?”

ಹಿರಿಯವಳು ಕತ್ತರಿ ಹಿಡಿದೇ ಎದ್ದಳು. ಮರೆಮಾಡಲು ಹೊತ್ತಿರಲಿಲ್ಲ, ಹಸಿರೆಲೆಯ ರಾಶಿ ಕಾಲ ಬುಡದಲ್ಲೇ ಬಿದ್ದಿತ್ತು.

“ಬೆಳಗಿಂದ ನರ್ಸರಿಯಲ್ಲಿ ಬಗ್ಗಿ ಬಗ್ಗಿ ಬಂದು, ನನ್ನ ಪಾತಿಗೂ ಬಗ್ಗಿದ್ರಾ?” ಕಿರಿಯವಳ ಕಣ್ಣು ತುಂಬಿತು. “ನಾನೊಬ್ಬಳು ಸೋಮಾರಿ, ಹೂ ಹೋದ್ರೂ ಸೊಪ್ಪು ಹಾಗೇ ಬಿಟ್ಟಿದ್ದೆ. ಕತ್ತರಿಸ್ಬೇಕು ಅಂತ ನೀವಲ್ದೆ ಇನ್ಯಾರು ಹೇಳ್ಕೊಡ್ತಾರೆ? ಕೊಡಿ ಇಲ್ಲಿ.”

ಕತ್ತರಿ ಕೈ ಬದಲಾಯಿತು. ಉಳಿದ ಮೂರು ಗೊಂಚಲನ್ನು ಕಿರಿಯವಳು ತಾನೇ ಹಿಡಿದು ಕತ್ತರಿಸಿದಳು. “ಹೀಗೇ ತಾನೇ ಅಕ್ಕ?”

“ಹೂಂ. ಹಾಗೇ.”

“ಎಷ್ಟು ಸಲೀಸು! ನೀವು ಹೋಗಿ ಕೈಕಾಲು ತೊಳ್ಕೊಳ್ಳಿ,” ಎಂದು ಅವಳು ಕತ್ತರಿ ಹಿಡಿದೇ ಓಣಿಯತ್ತ ಹೋದಳು. ಅದರ ಜಾಗದಲ್ಲಿ ಇಟ್ಟುಬರಲು ಹೋಗಿರಬೇಕೆಂದುಕೊಂಡಳು ಹಿರಿಯವಳು. ಎದೆಯ ಮೇಲಿನ ಕಲ್ಲು ಇಳಿದಿತ್ತು. ಸಿಕ್ಕಿಬೀಳುವುದಿರಲಿ, ಹೊಗಳಿಕೆಯೇ ಸಿಕ್ಕಿತ್ತು! ಅವಳು ಸಾವಧಾನವಾಗಿ ಎಲೆಗಳನ್ನು ಬುಟ್ಟಿಗೆ ತುಂಬತೊಡಗಿದಳು.

ಕಚಕ್.

ಸದ್ದು ಮನೆಯ ಮುಂದಿನಿಂದ ಬಂದಿತ್ತು. ಕಚಕ್, ಕಚಕ್. ಅದರ ಬೆನ್ನಿಗೇ ಕಿರಿಯವಳ ಉಲ್ಲಾಸದ ಕೂಗು: “ಅಕ್ಕಾ, ನೀವು ಬರ್ಬೇಡಿ, ಕೂತು ಸುಧಾರಿಸ್ಕೊಳ್ಳಿ! ನನ್ನದು ನೀವು ಮಾಡಿದ್ರಿ, ನಿಮ್ಮದು ನಾನು ಮಾಡ್ತೀನಿ!”

ಹಿರಿಯವಳು ಬುಟ್ಟಿ ಎಸೆದು ಓಡಿದಳು. ಮನೆಯ ಮೂಲೆಗೆ ಬಂದು ನಿಂತಳು. ಒಂದೊಂದನ್ನೂ ಹುಡುಕಿ ತಂದು, ಹದಿನೈದು ವರ್ಷ ಮಕ್ಕಳಂತೆ ಸಾಕಿದ ನಲವತ್ತು ಬಗೆ. ಇನ್ನೂ ಹಸಿರಾಗಿದ್ದ ಮೊದಲ ಸಾಲು ಆಗಲೇ ಬೋಳಾಗಿತ್ತು. ಎರಡನೆಯದರ ಮುಂದೆ ಕಿರಿಯವಳು ಮಂಡಿಯೂರಿ ಕುಳಿತಿದ್ದಳು.

“ಫೋನಲ್ಲಿ ನಿನ್ನ ಗಿರಾಕಿಗಳಿಗೆ ನೀನು ಹೇಳೋದು ನನಗೂ ಬಾಯಿಪಾಠ ಆಗಿದೆ ಕಣೇ,” ಎದ್ದು ಓಣಿಯ ಕಡೆಯ ಕಿಟಕಿಗೆ ಬಂದಿದ್ದ ಅತ್ತೆ ತಗ್ಗಿದ ದನಿಯಲ್ಲಿ ಅಂದರು. “ಹೋಗಿ ಹೇಳು. ಈಗ ಹೇಳಿದ್ರೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತೆ.”

ಹೇಳಿದರೆ ಪಾತಿ ಉಳಿಯುತ್ತಿತ್ತು. ಹಿತ್ತಲಲ್ಲಿ ತಾನು ಮಾಡಿದ್ದೇನೆಂಬುದೂ ಅದೇ ಉಸಿರಿನಲ್ಲಿ ಹೊರಬೀಳುತ್ತಿತ್ತು.

ಕಿರಿಯವಳು ಮುಂದಿನ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದು, ಬೆವರಿದ ಮುಖವೆತ್ತಿ ನಕ್ಕಳು. “ಬಂದೇಬಿಟ್ರಾ? ಸರಿ ಹೇಳಿ, ಇದನ್ನ ಬುಡಕ್ಕೇ ಕತ್ತರಿಸ್ಲಾ, ಒಂದು ಬೆರಳು ಬಿಡ್ಲಾ?”

ಹಿರಿಯವಳು ಗೋಡೆಯನ್ನು ಹಿಡಿದುಕೊಂಡಳು.

“ಬುಡಕ್ಕೇ ಕತ್ತರಿಸಮ್ಮಾ,” ಎಂದಳು.