ಅಪ್ಪ ಹಾರಿಸದ ಬಂದೂಕು

ಓದುವವರಿಗೆ ಶರಣು. ತಡವಾಗಿ ಅಕ್ಷರ ಕಲಿತವನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಗಸೆ ಎಣ್ಣೆಯ ವಾಸನೆ ಬಂದರೆ ಈಗಲೂ ದೇವಾಪುರದ ನಮ್ಮ ಅಂಗಳ ಕಣ್ಣಿಗೆ ಕಟ್ಟುತ್ತದೆ. ನಿಜಾಮನ ಆಳ್ವಿಕೆ ಹೋದ ಹೊಸತು. ಸಣ್ಣ ಬಾಯಿಯ ನಳಿಗೆಯೊಂದು ಅಗ್ಗಕ್ಕೆ ಸಿಕ್ಕಿತೆಂದು ಅಪ್ಪ ಜಾಲಿ ಕಟ್ಟಿಗೆಯ ಹಿಡಿ ಕೂಡಿಸಿ ಬೇಟೆಗೆ ಬಂದೂಕು ಮಾಡಿಸಿದ್ದ. ಅದರ ಅಳತೆಯ ಗುಂಡು ಯಾವ ಅಂಗಡಿಯಲ್ಲೂ ಇರಲಿಲ್ಲ, ಮನೆಯಲ್ಲೇ ಸೀಸ ಎರೆದಿದ್ದ. ಹಿಡಿಗೆ ಎಣ್ಣೆ ತಿಕ್ಕುತ್ತಿದ್ದಾಗ ತಳವಾರ ಬಂದ.

"ಎಲ್ಲಾ ಬಂದೂಕು ಕಚೇರಿಗಿ ಒಪ್ಪಸ್ಬೇಕಂತ. ಕೊಡಪಾ."

"ಒಮ್ಮೆರ ಹಾರಸ್ರಿ," ಎಂದಳು ಅವ್ವ.

"ಗಾಳಿಗೇನು ಹಾರಸೂದು?" ಅಪ್ಪ ಎಣ್ಣೆ ತಿಕ್ಕಿ ಮುಗಿಸಿಯೇ ಕೊಟ್ಟ. "ಬಿಸಿಲಾಗ ಇಡಬ್ಯಾಡೋ, ಕಟ್ಟಿಗಿ ಸೀಳತದ."

ತಳವಾರ ನಕ್ಕ. "ಮಗಳ್ನ ಗಂಡನ ಮನಿಗಿ ಕಳಸಿದಂಗ ಮಾಡಾಕತ್ತೀಯಲ್ಲೋ!"

"ಮಗಳಾದ್ರ ಪಂಚಮಿಗರ ಬರತಾಳ," ಎಂದ ಅಪ್ಪ.

ನಿಮ್ಮ ಮನೆಯಿಂದಲೂ ಹೀಗೆ ಏನಾದರೂ ಹೋಗಿದ್ದರೆ ಬರೆದು ತಿಳಿಸಿ.